ಉಪ್ಪು ಎರಡು ಸಲ

ಹೋದ ತಿಂಗಳು ಗೆಳೆಯನೊಬ್ಬ ತಾನು ಬರೆದ ಪ್ರಬಂಧವನ್ನು ಓದಿ ಹೇಳಿ ಎಂದು ಕಳಿಸಿದ. ಇಂದಿರಾಪುರಂನಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲೇ, ನಮಗಿಂತ ಐದು ಮಹಡಿ ಮೇಲಿರುವವನು. ಊರು ತೀರ್ಥಹಳ್ಳಿ ಕಡೆ, ಕೆಲಸ ನೋಯ್ಡಾದ ಕಂಪನಿಯೊಂದರಲ್ಲಿ, ಸಾಫ್ಟ್‌ವೇರ್ ಡೆವಲಪರ್. ಕನ್ನಡ ಚೆನ್ನಾಗಿ ಬರೆಯುತ್ತಾನೆ. ಪ್ರಬಂಧದಲ್ಲಿ ಅವನ ಬದುಕೆಲ್ಲ ಇತ್ತು. ಇಲ್ಲಿಯ ಜನವರಿ ಚಳಿಯಲ್ಲಿ ದೋಸೆಹಿಟ್ಟು ಹುಳಿ ಬರಲೆಂದು ಅದನ್ನು ಕಂಬಳಿಯಲ್ಲಿ ಸುತ್ತಿಟ್ಟದ್ದು, ಊರಿಂದ ಹೊತ್ತು ತಂದ ಅಪ್ಪೆಮಿಡಿ ಉಪ್ಪಿನಕಾಯಿ, ರೈಲಿನಲ್ಲಿ ಓದಿ ಮುಗಿಸಿದ ಕಾರಂತರ ಕಾದಂಬರಿ, ಫೋನನ್ನು ಬೀರುವಿನೊಳಗಿಟ್ಟು ಬಾಲ್ಕನಿಯಲ್ಲಿ ಕಳೆದ ಒಂದು ಭಾನುವಾರ. ಓದಿ ಖುಷಿಯಾಯಿತು. ಒಂದೆರಡು ಕಾಗುಣಿತ ತಿದ್ದಿ ವಾಪಸ್ ಕಳಿಸಬೇಕು ಎನ್ನುವಾಗ ಇನ್ನೊಂದು ಸಲ ಓದಿದೆ. ಆಗ ಕಣ್ಣಿಗೆ ಬಿತ್ತು: ಈ ಮನುಷ್ಯ ದಿನಕ್ಕೆ ಹತ್ತು ಗಂಟೆ ಮಾಡುವ ಕೆಲಸದ ಬಗ್ಗೆ ಅದರಲ್ಲಿ ಇದ್ದದ್ದು ಒಂದೇ ವಾಕ್ಯ. ಅದೇ ಲ್ಯಾಪ್‌ಟಾಪು, ಅದೇ ಮೀಟಿಂಗು, ಅದೇ ಡೆಡ್‌ಲೈನು.

ತಂತ್ರಜ್ಞಾನದ ಬಗ್ಗೆ ಒಂದು ಪ್ಯಾರಾ ಇತ್ತು, ನಿಜ. ಆದರೆ ಅದು ಫೋನ್ ನಮ್ಮನ್ನು ಹೇಗೆ ಹಾಳು ಮಾಡಿದೆ ಎಂಬ ಪ್ಯಾರಾ. ಅದನ್ನು ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ನೂ ಬರೆಯಬಹುದು, ನಾನೂ ಬರೆಯಬಹುದು. ಫೋನಿನೊಳಗೆ ಓಡುವುದನ್ನು ಕಟ್ಟುವವನು ಬರೆಯಬೇಕಾದದ್ದು ಅದಲ್ಲ.

ನಾನು ಓದಿದ ಮಟ್ಟಿಗೆ ಇದು ಅವನೊಬ್ಬನ ಕತೆಯಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗರು ಕಳೆದ ಇಪ್ಪತ್ತು ವರ್ಷಗಳಲ್ಲಿ ತುಂಬ ಬರೆದಿದ್ದಾರೆ, ಒಳ್ಳೆಯದನ್ನೇ ಬರೆದಿದ್ದಾರೆ. ಸಂಡೂರಿನ ವಸುಧೇಂದ್ರ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದುಕೊಂಡೇ ಬರೆಯತೊಡಗಿದವರು. ಛಂದ ಪುಸ್ತಕ ಎಂಬ ಪ್ರಕಾಶನ ಕಟ್ಟಿದರು, ಆಮೇಲೆ ಕೆಲಸ ಬಿಟ್ಟು ಪೂರ್ಣಾವಧಿ ಲೇಖಕರಾದರು. ಐಟಿ ಕಚೇರಿಯ ಮನುಷ್ಯರನ್ನು ಕನ್ನಡ ಕತೆಗೆ ಕರೆತಂದವರಲ್ಲಿ ಅವರು ಮುಖ್ಯರು. ಆದರೂ ಅವರ ಪ್ರಬಂಧಗಳಲ್ಲಿ ಮನೆಮನೆ ಹೊಕ್ಕ ಪುಸ್ತಕ ಯಾವುದು ಎಂದರೆ ‘ನಮ್ಮಮ್ಮ ಅಂದ್ರೆ ನಂಗಿಷ್ಟ’. ನಮಗೆ, ಅಂದರೆ ಓದುಗರಿಗೆ, ಎಂಜಿನಿಯರನ ಅಮ್ಮ ಬೇಕು, ಅಡುಗೆಮನೆ ಬೇಕು, ಊರು ಬೇಕು. ಆ ಪುಸ್ತಕವನ್ನು ನಾನೂ ಇಬ್ಬರಿಗೆ ಉಡುಗೊರೆ ಕೊಟ್ಟಿದ್ದೇನೆ. ತಪ್ಪು ಅದರದ್ದಲ್ಲ. ಬರೆಯುವ ಸಾವಿರ ಜನರೂ ಅದೇ ಬಾಗಿಲಲ್ಲಿ ಒಳಗೆ ಬರುವುದು ನನ್ನ ತಕರಾರು. ಕನ್ನಡ ಭಾನುವಾರದ ಭಾಷೆಯಾಗುತ್ತಿದೆ. ಸೋಮವಾರದಿಂದ ಶುಕ್ರವಾರದವರೆಗೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲಿ ದಾಖಲೆಯೇ ಇಲ್ಲದಂತಾಗುತ್ತಿದೆ.

ನಮ್ಮಲ್ಲಿ ಹೀಗಿರಲಿಲ್ಲ. ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದವನು, ನುಲಿಯ ಚಂದಯ್ಯ ಹಗ್ಗ ಹೊಸೆಯುತ್ತಿದ್ದವನು, ಮೋಳಿಗೆ ಮಾರಯ್ಯ ಸೌದೆ ಮಾರುತ್ತಿದ್ದವನು, ಆಯ್ದಕ್ಕಿ ಲಕ್ಕಮ್ಮ ಮತ್ತವಳ ಗಂಡ ಚೆಲ್ಲಿದ ಅಕ್ಕಿ ಆಯುತ್ತಿದ್ದವರು. ಅವರ ಹೆಸರಿಗೇ ಕೆಲಸ ಅಂಟಿಕೊಂಡಿದೆ, ಮಾತಿಗೂ ಅಂಟಿಕೊಂಡಿದೆ. ಹುಟ್ಟು, ಮಗ್ಗ, ಹಗ್ಗ, ಒನಕೆ ಎಲ್ಲವೂ ವಚನದೊಳಗೆ ಬಂದವು. ದೊಡ್ಡ ವಿಷಯ ಹೇಳಲು ಕೈಯಲ್ಲಿದ್ದ ಉಪಕರಣವನ್ನು ಪಕ್ಕಕ್ಕಿಡಬೇಕು ಎಂದು ಅವರಿಗೆ ಅನಿಸಲಿಲ್ಲ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಯಾವ ಪದ ಎಲ್ಲೆಲ್ಲಿ ಬಂದಿದೆ ಎಂದು ಕ್ಷಣದಲ್ಲಿ ಹುಡುಕಿಕೊಡುವ ‘ವಚನ ಸಂಚಯ’ ಇಂದು ನಮಗೆ ಸಿಕ್ಕಿದ್ದರೆ ಅದರ ಹಿಂದೆ ಕನ್ನಡದ ಸಾಫ್ಟ್‌ವೇರ್ ಮಂದಿಯ ಕೈ ಇದೆ. ಮಗ್ಗದ ಪದಗಳನ್ನು ಹುಡುಕಿಕೊಟ್ಟವರು ತಮ್ಮ ಮಗ್ಗದ ಬಗ್ಗೆ ಬಾಯಿಬಿಡುವುದಿಲ್ಲ.

ಅಡುಗೆ ಮತ್ತು ತಂತ್ರಜ್ಞಾನ ಒಂದೇ ಪುಸ್ತಕದಲ್ಲಿ ಕೂರುವುದೂ ನಮಗೆ ಹೊಸದಲ್ಲ. ಸುಮಾರು 1025ರಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಂತರ್ಜಲ ಹುಡುಕುವುದು, ಮನೆ ಕಟ್ಟುವುದು, ಗಿಡಮರ ಸಾಕುವುದು, ಸುಗಂಧ ತಯಾರಿಸುವುದು, ಔಷಧ, ಅಡುಗೆ ಎಲ್ಲವೂ ಒಟ್ಟಿಗೇ ಇವೆ. (ಇವನು ಶ್ರವಣಬೆಳಗೊಳದ ಚಾವುಂಡರಾಯನಲ್ಲ, ಚಾಲುಕ್ಯರ ಕಾಲದ ಇನ್ನೊಬ್ಬ.) ಬಾವಿ ಎಲ್ಲಿ ತೋಡಬೇಕು ಎಂಬುದು ಶಾಸ್ತ್ರ, ಸಾರು ಹೇಗೆ ಮಾಡಬೇಕು ಎಂಬುದು ಹವ್ಯಾಸ ಎಂಬ ಭೇದ ಅವನಿಗಿರಲಿಲ್ಲ. ಎರಡೂ ಬದುಕಲು ಬೇಕಾದ ವಿದ್ಯೆ. ಎರಡಕ್ಕೂ ಕನ್ನಡ ಸಾಕು.

ಇನ್ನೂ ಹತ್ತಿರದ ಉದಾಹರಣೆ ಬಿ.ಜಿ.ಎಲ್. ಸ್ವಾಮಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ಅಂದರೆ ನಮ್ಮ ಹಾಗೆಯೇ ಹೊರನಾಡ ಕನ್ನಡಿಗರು. ತರಗತಿ ಇಂಗ್ಲಿಷಿನಲ್ಲಿ, ಸಂಶೋಧನೆ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಯಲು ಕೂತಾಗ ಅವರು ಊರಿನ ನೆನಪಿಗಷ್ಟೇ ಅಂಟಿಕೊಳ್ಳಲಿಲ್ಲ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಅಲೆದದ್ದನ್ನೇ ‘ಹಸುರು ಹೊನ್ನು’ ಮಾಡಿದರು. ಗಿಡದ ಚಿತ್ರ, ಲಕ್ಷಣ, ಹೆಸರಿನ ಮೂಲ, ನಡುನಡುವೆ ಹುಡುಗರ ತರಲೆ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಡುಗೆಮನೆಗೆ ಹೋದಾಗಲೂ ಅವರು ಸಸ್ಯಶಾಸ್ತ್ರವನ್ನು ಹೊಸಿಲಲ್ಲಿ ಬಿಟ್ಟು ಹೋಗಲಿಲ್ಲ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂದು ಮೆಣಸಿನಕಾಯಿ, ಆಲೂಗಡ್ಡೆಗಳ ಜಾತಕ ಬಿಡಿಸಿದರು. ಸಸ್ಯಶಾಸ್ತ್ರಕ್ಕೆ ಒಬ್ಬ ಸ್ವಾಮಿ ಸಿಕ್ಕಿದ ಹಾಗೆ ಸಾಫ್ಟ್‌ವೇರಿಗೆ ಇನ್ನೂ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಅವನು ಭಾನುವಾರದ ಸಾರಿಗೆ ಬೇಳೆ ಬೇಯಲಿಟ್ಟಿದ್ದ. ನಮ್ಮ ಕಟ್ಟಡದ ನೀರು ಗಡುಸು, ತೊಗರಿಬೇಳೆ ಎಷ್ಟು ಕೂಗಿಸಿದರೂ ಕರಗುವುದಿಲ್ಲ. ಸಾರಿಗೆ ಮಾತ್ರ ಫಿಲ್ಟರ್ ನೀರು ಎಂಬುದು ಇಲ್ಲಿಯ ಕನ್ನಡ ಮನೆಗಳಲ್ಲಿ ಒಬ್ಬರಿಂದೊಬ್ಬರಿಗೆ ದಾಟಿದ ಜ್ಞಾನ. ಅವನೆಂದ: “ಅದನ್ನೆಲ್ಲ ಕನ್ನಡದಲ್ಲಿ ಯಾರು ಓದ್ತಾರೆ ಮಾರಾಯ್ರೆ? ಪದಗಳೇ ಇಲ್ಲ. ಬರೆದ್ರೆ ಅರ್ಧ ಇಂಗ್ಲಿಷೇ ಆಗುತ್ತೆ.”

ಕಂಪನಿಯ ಗುಟ್ಟು ಹೊರಹಾಕಬಾರದು ಎಂಬ ಕರಾರಿನ ವಿಷಯವನ್ನೂ ಎತ್ತಿದ. ಅದು ನ್ಯಾಯವೇ. ಆದರೆ ಗುಟ್ಟು ಬೇರೆ, ಕಸುಬು ಬೇರೆ. ಹೋಟೆಲಿನ ಭಟ್ಟರು ಮಸಾಲೆಯ ಪ್ರಮಾಣ ಹೇಳದೆಯೂ ಉರಿ ಹದ ಮಾಡುವುದನ್ನು ಹೇಳಬಲ್ಲರು.

“ಪದ ಬೇಡ, ನಿನ್ನೆ ಏನು ಮಾಡಿದೆ ಅಷ್ಟು ಹೇಳು” ಎಂದೆ. ಒಂದಷ್ಟು ಹೊತ್ತು ಸೌಟು ಆಡಿಸಿ ಹೇಳತೊಡಗಿದ.

ಯಾರೋ ಒಬ್ಬರು ಫೋನಿನಲ್ಲಿ ದುಡ್ಡು ಕಟ್ಟುತ್ತಾರೆ. ಬಟನ್ ಒತ್ತಿದರು, ನೆಟ್‌ವರ್ಕ್ ಕೈಕೊಟ್ಟಿತು, ಚಕ್ರ ಸುತ್ತುತ್ತಲೇ ಇದೆ. ಇಲ್ಲಿ ಎರಡು ಸಾಧ್ಯತೆ. ಅವರ ಕೋರಿಕೆ ಸರ್ವರಿಗೆ ಮುಟ್ಟಲೇ ಇಲ್ಲ. ಅಥವಾ ಮುಟ್ಟಿತು, ದುಡ್ಡೂ ಕಡಿತವಾಯಿತು, “ಆಯಿತು” ಎಂಬ ಉತ್ತರ ವಾಪಸ್ ಬರುವಾಗ ದಾರಿಯಲ್ಲಿ ಕಳೆದುಹೋಯಿತು. ಫೋನಿಗೆ ಇವೆರಡರ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವರು ಮತ್ತೆ ಒತ್ತುತ್ತಾರೆ. ಎರಡು ಸಲ ದುಡ್ಡು ಹೋಗುತ್ತದೆ. ಹಾಗಾಗದಂತೆ ಮಾಡುವುದು ಅವನ ಒಂದು ವಾರದ ಕೆಲಸ.

“ನಮ್ಮನೇಲಿ ಅಮ್ಮನೂ ಅಜ್ಜಿಯೂ ಸಾರಿಗೆ ಉಪ್ಪು ಹಾಕ್ತಿದ್ರಲ್ಲ, ಅದೇ ಅಕ್ಕಾ,” ಎಂದ. “ಅಮ್ಮ ಹಾಕಿ ಹಿತ್ತಿಲಿಗೆ ಹೋಗೋದು. ಅಜ್ಜಿ ಬಂದು, ಇವಳು ಹಾಕಿದಾಳೋ ಇಲ್ವೋ ಅಂತ ಇನ್ನೊಂದು ಸಲ ಹಾಕೋದು. ಮುಚ್ಚಳವನ್ನ ಎಷ್ಟು ಸಲ ಮುಚ್ಚಿದ್ರೂ ಪಾತ್ರೆ ಮುಚ್ಚಿಯೇ ಇರುತ್ತೆ. ಉಪ್ಪು ಹಾಗಲ್ಲ. ನಾವು ಉಪ್ಪು ಹಾಕೋ ಕೆಲಸಾನ ಮುಚ್ಚಳ ಮುಚ್ಚೋ ಕೆಲಸದ ಹಾಗೆ ಮಾಡ್ಬೇಕು.”

ಮಾಡುವುದು ಹೇಗೆ? ಮೊದಲ ಸಲ ಒತ್ತಿದಾಗಲೇ ಆ ಪಾವತಿಗೆ ಬೇರೆ ಯಾವುದಕ್ಕೂ ಇಲ್ಲದ ಒಂದು ಗುರುತಿನ ಸಂಖ್ಯೆ ಕೊಡುವುದು. ಮರುಪ್ರಯತ್ನಕ್ಕೂ ಅದೇ ಸಂಖ್ಯೆ. ಸರ್ವರು ಮೊದಲು ತನ್ನ ಪಟ್ಟಿ ನೋಡುತ್ತದೆ. ಈ ಸಂಖ್ಯೆಯ ಕೆಲಸ ಆಗಿಹೋಗಿದ್ದರೆ ದುಡ್ಡು ಮುಟ್ಟದೆ ಹಳೆಯ ಉತ್ತರವನ್ನೇ ಮತ್ತೊಮ್ಮೆ ಹೇಳುತ್ತದೆ. ಅಜ್ಜಿ ಉಪ್ಪಿನ ಡಬ್ಬಿಗೆ ಕೈ ಹಾಕುವ ಮೊದಲು ಗೋಡೆಯ ಮೇಲಿನ ಗೀಟು ನೋಡಿದ ಹಾಗೆ. “ಅಜ್ಜಿ ಗೀಟು ನೋಡೋ ಹೊತ್ತಿಗೆ ಅಮ್ಮ ಉಪ್ಪು ಹಾಕಿ ಇನ್ನೂ ಗೀಟು ಎಳೆದಿಲ್ಲ ಅಂದ್ರೆ? ಅಲ್ಲೇ ಇರೋದು ನಿಜವಾದ ಫಜೀತಿ,” ಎಂದು ಅವನು ಇನ್ನೂ ಕಾಲು ಗಂಟೆ ಹೇಳಿದ. ಇಂಗ್ಲಿಷಿನಲ್ಲಿ ಈ ಗುಣಕ್ಕೆ ಐಡೆಂಪೊಟೆನ್ಸ್ ಎನ್ನುತ್ತಾರೆ. 1870ರಲ್ಲಿ ಅಮೆರಿಕದ ಗಣಿತಜ್ಞ ಬೆಂಜಮಿನ್ ಪಿಯರ್ಸ್ ಲ್ಯಾಟಿನ್ ತುಣುಕುಗಳನ್ನು ಜೋಡಿಸಿ ಆ ಪದದ ಮೂಲವನ್ನು ಹುಟ್ಟಿಸಿದ. ಅವನ ಹಾಗೆ ನಾವೂ ಸಂಸ್ಕೃತದಿಂದ ಒಂದನ್ನು ಜೋಡಿಸಬಹುದು, ಯಾರಿಗೂ ಅರ್ಥವಾಗದ ಪದ ಇನ್ನೊಂದು ಸಿಗುತ್ತದೆ. ನನಗೆ ಕಂಡದ್ದು ಬೇರೆ: ಹತ್ತು ನಿಮಿಷ ಅವನು ತನ್ನ ಕಸುಬಿನ ಒಂದು ಕಷ್ಟದ ತಿರುಳನ್ನು ಹೇಳಿದ. ಸರ್ವರ್, ನೆಟ್‌ವರ್ಕ್, ಬಟನ್ ಬಿಟ್ಟರೆ ಉಳಿದದ್ದೆಲ್ಲ ಕನ್ನಡ. ಆ ಮೂರೂ ಈಗ ಕನ್ನಡವೇ.

ಇಷ್ಟು ಹಟ ಯಾಕೆ ಎಂದು ನೀವು ಕೇಳಬಹುದು. ನನ್ನ ಅನ್ನದ ಪ್ರಶ್ನೆಯೂ ಇದರಲ್ಲಿದೆ. ಆ್ಯಪ್‌ಗಳ ಪರದೆಯ ಮೇಲೆ ಕಾಣುವ ಮಾತುಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸಗಳಲ್ಲೊಂದು. ಅವು ಬರುವುದು ಉದ್ದನೆಯ ಪಟ್ಟಿಯಾಗಿ, ಸಾಲಿಗೆ ಒಂದು ತುಂಡು, ಎಲ್ಲಿ ಕಾಣುತ್ತದೆ ಎಂಬ ಸುಳಿವಿಲ್ಲದೆ. ಒಮ್ಮೆ ‘ಬುಕ್’ ಎಂದಷ್ಟೇ ಇದ್ದ ಸಾಲಿಗೆ ‘ಪುಸ್ತಕ’ ಎಂದು ಬರೆದು ಕಳಿಸಿದೆ. ಅದು ಬಸ್ ಟಿಕೆಟಿನ ಬಟನ್ ಆಗಿತ್ತು. ಆ ತಪ್ಪು ನನ್ನದೇ, ಕೇಳಬೇಕಿತ್ತು.

ಆದರೆ ನನ್ನ ಕೈಯಲ್ಲಿ ತಿದ್ದಲಾಗದ ತಪ್ಪೂ ಒಂದಿದೆ, ನೀವೆಲ್ಲ ನೋಡಿರುತ್ತೀರಿ: ‘ಬೆಂಗಳೂರುಗೆ’. ಇಂಗ್ಲಿಷಿನಲ್ಲಿ ‘ಟು’ ಎಂದು ಬರೆದು ಮುಂದೆ ಊರಿನ ಹೆಸರು ಅಂಟಿಸಿದರೆ ವಾಕ್ಯ ಆಗುತ್ತದೆ. ಪಟ್ಟಿಯಲ್ಲಿ ನನಗೆ ಬರುವುದು ಒಂದು ಖಾಲಿ ಜಾಗ ಮತ್ತು ‘ಟು’. ನಾನು ಏನು ಬರೆಯಲಿ? ಬೆಂಗಳೂರಿಗೆ, ಹುಬ್ಬಳ್ಳಿಗೆ, ಹಾಸನಕ್ಕೆ. ಮನುಷ್ಯರಾದರೆ ರಾಮನಿಗೆ, ಸೀತೆಗೆ. ಪದದ ಕೊನೆಯ ಸ್ವರ ಯಾವುದು, ಅದು ಊರೋ ಮನುಷ್ಯನೋ ಎಂಬುದರ ಮೇಲೆ ಪ್ರತ್ಯಯ ಬದಲಾಗುತ್ತದೆ. ಖಾಲಿ ಜಾಗದ ಬಾಲಕ್ಕೆ ‘ಗೆ’ ಅಂಟಿಸಿದರೆ ಹಾಸನಗೆ, ಕೋಲಾರಗೆ. ಮನುಷ್ಯರ ಹೆಸರಿಗಾದರೆ ‘ಅವರಿಗೆ’ ಸೇರಿಸಿ ಹೇಗೋ ತಪ್ಪಿಸಿಕೊಳ್ಳುತ್ತೇವೆ. ನಿಮ್ಮ ಫೋನು ನಿಮ್ಮನ್ನು ಅಷ್ಟೊಂದು ಗೌರವಿಸುವುದಕ್ಕೆ ಅದೂ ಒಂದು ಕಾರಣ. ಊರಿಗೆ ‘ಅವರಿಗೆ’ ಎನ್ನಲಾಗುವುದಿಲ್ಲ. ನಾವು ಅನುವಾದಕರು ವಾಕ್ಯವನ್ನೇ ಮುರಿದು ‘ತಲುಪುವ ಸ್ಥಳ: ಹಾಸನ’ ಎಂದು ಫಾರಂ ತುಂಬಿದ ಹಾಗೆ ಬರೆಯುತ್ತೇವೆ. ಕನ್ನಡದ ಪರದೆಗಳು ಸರ್ಕಾರಿ ನೋಟೀಸಿನಂತೆ ಮಾತಾಡುವುದಕ್ಕೆ ಬೈಸಿಕೊಳ್ಳುವವರು ನಾವು. ಅರ್ಧ ಕಾರಣ ಇರುವುದು ಆ ಖಾಲಿ ಜಾಗದಲ್ಲಿ.

ಈ ‘ಗೆ’ ಸಮಸ್ಯೆಯನ್ನು ಬಿಡಿಸುವುದು ಅಂಥ ಕಷ್ಟವೇನಲ್ಲ. ಅಂತ್ಯಸ್ವರ ನೋಡುವ ಕೆಲವೇ ನಿಯಮ, ಜೊತೆಗೆ ಅಪವಾದಗಳ ಒಂದು ಪಟ್ಟಿ. ಆದರೆ ಅದನ್ನು ಬರೆಯಬೇಕಾದವನಿಗೆ ಅಲ್ಲೊಂದು ಸಮಸ್ಯೆ ಇದೆ ಎಂದು ಕಾಣಬೇಕು. ನನ್ನ ಗೆಳೆಯ ಹನ್ನೊಂದು ವರ್ಷಗಳಿಂದ ಖಾಲಿ ಜಾಗಕ್ಕೆ ಹೆಸರು ಅಂಟಿಸುತ್ತ ಬಂದಿದ್ದಾನೆ. ಮನೆಗೆ ಫೋನ್ ಮಾಡಿದಾಗ ಒಂದು ದಿನವೂ ‘ಹಾಸನಗೆ’ ಎಂದಿಲ್ಲ. ಎರಡೂ ಒಂದೇ ತಲೆಯಲ್ಲಿವೆ, ಪರಸ್ಪರ ಭೇಟಿಯಾಗಿಲ್ಲ. ಕಸುಬಿನ ಬಗ್ಗೆ ಕನ್ನಡದಲ್ಲಿ ಯೋಚಿಸದೆ, ಬರೆಯದೆ ಅವು ಭೇಟಿಯಾಗುವುದು ಎಲ್ಲಿ? ಓದುಗರು ಯಾರು ಎಂದು ಕೇಳಿದನಲ್ಲ, ಬೇರೆಲ್ಲೂ ಬೇಡ, ಐದು ಮಹಡಿ ಕೆಳಗೆ ಒಬ್ಬಳಿದ್ದಾಳೆ. ತೀರ್ಥಹಳ್ಳಿಯಲ್ಲಿ ಅವನ ಅಮ್ಮ ಇದ್ದಾರೆ; ಮಗ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ “ಕಂಪ್ಯೂಟರಲ್ಲಿ” ಎನ್ನುತ್ತಾರಂತೆ. ಹನ್ನೊಂದು ವರ್ಷಕ್ಕೆ ಒಂದೇ ಪದ.

ಹೋದ ವಾರ ಪ್ರಬಂಧದ ಎರಡನೇ ಕರಡು ಬಂತು. ದೋಸೆಹಿಟ್ಟು ಹಾಗೆಯೇ ಇದೆ, ಅಪ್ಪೆಮಿಡಿಯೂ ಇದೆ, ಬಾಲ್ಕನಿ ಹೋಗಿದೆ. ಮೊದಲ ಪುಟದಲ್ಲಿ ಅಮ್ಮ ಉಪ್ಪು ಹಾಕಿ ಹಿತ್ತಿಲಿಗೆ ಹೋಗುತ್ತಾರೆ. ಜೊತೆಗೆ ಒಂದು ಪ್ರಶ್ನೆ ಕಳಿಸಿದ್ದ. ರಾತ್ರಿ ಕೂತು ‘ಗೆ’ಗೆ ಒಂದು ಪುಟ್ಟ ಪ್ರೋಗ್ರಾಂ ಬರೆಯಲು ನೋಡಿದನಂತೆ, ಎಲ್ಲ ಊರೂ ಸರಿಯಾಗಿ ಬರುತ್ತಿದೆ, ನಮ್ಮದೊಂದು ಬಿಟ್ಟು. “ಇಂದಿರಾಪುರಂಗೆಯೋ ಇಂದಿರಾಪುರಕ್ಕೋ?”

ನಮ್ಮ ಮನೆಯಲ್ಲಿ ಇಂದಿರಾಪುರಕ್ಕೆ ಎನ್ನುತ್ತೇವೆ ಎಂದು ಬರೆದೆ. “ಹಾಗಾದ್ರೆ ಅದು ಅಪವಾದದ ಪಟ್ಟಿಗೆ” ಎಂದು ಉತ್ತರ ಬಂತು.