ಚೆನ್ನೈಯ ಬಿಸಿಲೂ ನಮ್ಮ ಕೈತೋಟವೂ

ಕೈತೋಟದ ಮಾತೆತ್ತಿದೊಡನೆ ಈ ನಗರದ ಕನ್ನಡ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರವೊಂದಿದೆ: "ಈ ಬಿಸಿಲಿನಲ್ಲಿ ಏನು ಬೆಳೆದೀತು? ಬೆಂಗಳೂರಾಗಿದ್ದರೆ ನೋಡಬಹುದಾಗಿತ್ತು." ಈ ಮಾತಿನಲ್ಲಿ ಅರ್ಧ ಮಾತ್ರವೇ ಸತ್ಯವಿದೆಯೆಂದು ನಮ್ಮ ಅಭಿಪ್ರಾಯ. ಬಿಸಿಲು ಕಠಿನವೆಂಬುದು ನಿರ್ವಿವಾದ. ಆದರೆ ತಪ್ಪು ಬಿಸಿಲಿನದಲ್ಲ. ಬೆಂಗಳೂರಿನ ಲೆಕ್ಕವನ್ನು ಹಿಡಿದು ಚೆನ್ನೈಯಲ್ಲಿ ಬಿತ್ತುವ ನಮ್ಮದು.

ನಾವೇ ಮಾಡಿದ ತಪ್ಪನ್ನು ಮೊದಲು ಒಪ್ಪಿಕೊಳ್ಳಬೇಕು. ಬೆಂಗಳೂರಿನಿಂದ ತಂದ ಹುರುಳಿಕಾಯಿಯ ಬೀಜವನ್ನೂ ಟೊಮೇಟೊ ಸಸಿಗಳನ್ನೂ ಒಂದು ವರ್ಷ ಮಾರ್ಚಿಯಲ್ಲಿ ಮಹಡಿಯ ಮೇಲೆ ನೆಟ್ಟೆವು. ಗಿಡಗಳು ಮೊಳಕಾಲೆತ್ತರ ಬೆಳೆದುವು, ಹೂವನ್ನೂ ತಳೆದುವು. ನಮಗಾದ ಹೆಮ್ಮೆ ಅಷ್ಟಿಷ್ಟಲ್ಲ. ಅನಂತರ ಹೂಗಳೆಲ್ಲವೂ ಒಂದೊಂದಾಗಿ ಉದುರಿದುವು. ಕಾಯಿ ಮಾತ್ರ ಒಂದೂ ಕಚ್ಚಲಿಲ್ಲ. ನೀರು ಸಾಲದೆಂದು ಇನ್ನೂ ಸುರಿದೆವು, ಬೇರೂ ಕೊಳೆಯಿತು. ಹಗಲಿನ ಶಾಖವು 35 ಡಿಗ್ರಿಯನ್ನು ಮೀರಿ, ರಾತ್ರಿಯೂ ತಂಪಾಗದಿದ್ದಲ್ಲಿ ಟೊಮೇಟೊ ಹೂವಿನ ಪರಾಗವು ಸತ್ತ್ವಗುಂದುವುದೆಂಬ ಸಂಗತಿಯನ್ನು ನಾವು ಓದಿ ತಿಳಿದದ್ದು ಆಮೇಲೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ನಮ್ಮ ನಗರವೋ ಕಡಲಿನ ಅಂಚಿನಲ್ಲಿಯೇ ಇದೆ. ಅಲ್ಲಿ ನೈಋತ್ಯ ಮಾರುತವು ಮಳೆ ತರುವಾಗ ಇಲ್ಲಿ ಒಂದೆರಡು ಸಂಜೆಯ ಗುಡುಗು ಬಂದರೆ ಅದೇ ಭಾಗ್ಯ. ವರ್ಷಕ್ಕೆ ಸರಾಸರಿ 1400 ಮಿಲಿಮೀಟರಿನಷ್ಟು ಬೀಳುವ ಇಲ್ಲಿನ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದಿಂದ ಬರುವುದು. ಆದುದರಿಂದಲೇ ತಮಿಳು ರೈತರು 'ಆಡಿ ಪಟ್ಟಂ ತೇಡಿ ವಿದೈ' ಎನ್ನುವರು. ಜುಲೈ ನಡುವಿನಿಂದ ತೊಡಗುವ ಆಡಿ ಮಾಸದ ಹದವನ್ನು ಅರಸಿ ಬಿತ್ತಬೇಕೆಂದು ಇದರ ತಾತ್ಪರ್ಯ. ನಮ್ಮಲ್ಲಿ ಆಷಾಢವೆಂದರೆ ಶುಭಕಾರ್ಯಗಳಿಗೆಲ್ಲ ಬಿಡುವು. ಬೀಜಕ್ಕೆ ಆ ನಿಷೇಧವಿದ್ದಂತಿಲ್ಲ.

ಹಾಗಾದರೆ ಏನನ್ನು ಬೆಳೆಯಬೇಕು? ಬಿಸಿಲನ್ನು ಕಂಡರೆ ಹಿಗ್ಗುವ ತರಕಾರಿಗಳೂ ಉಂಟು. ಬೆಂಡೆ, ಬದನೆ, ಗೋರಿಕಾಯಿ, ಅಲಸಂದೆ ಇವಕ್ಕೆ ನಮ್ಮ ಹವೆ ಒಗ್ಗುತ್ತದೆ. ಬೆಂಡೆಯ ಎಲೆಯ ನರಗಳು ಹಳದಿಯಾಗಿ ಗಿಡ ಬಡವಾಗುವ ರೋಗವನ್ನು ಬಿಳಿನೊಣವು ಹರಡುತ್ತದೆ. ಅದನ್ನು ತಡೆದುಕೊಳ್ಳಬಲ್ಲ 'ಅರ್ಕಾ ಅನಾಮಿಕಾ' ಎಂಬ ತಳಿಯನ್ನು ರೂಪಿಸಿದ್ದು ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನ ಸಂಸ್ಥೆಯೇ. ಬೆಂಗಳೂರಿನಿಂದ ಬೀಜ ತರಲೇಬೇಕೆಂಬ ಹಟವಿದ್ದರೆ ಇದನ್ನು ತರಬಹುದು. ದಂಟಿನ ಸೊಪ್ಪು ಒಂದು ತಿಂಗಳೊಳಗೆ ಅಡಿಗೆಮನೆಗೆ ಬರುವುದು. ಮೊದಲ ಸಲ ಬೆಳೆಯುವ ಬಾಲಕ ಬಾಲಕಿಯರಿಗೆ ಅದಕ್ಕಿಂತ ಒಳ್ಳೆಯ ಬೆಳೆಯಿಲ್ಲ.

ಹೀರೆ, ಸೋರೆಗಳ ವಿಷಯದಲ್ಲಿ ಒಂದು ಮಾತು. ಇವುಗಳಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಎಳೆಗಾಯಿಯಂಥ ಉಬ್ಬು ಇರುತ್ತದೆ. ನಾಲ್ಕನೆಯ ಅಂತಸ್ತಿನವರೆಗೆ ದುಂಬಿಗಳು ಏರಿ ಬರುವುದು ಅಪೂರ್ವ. ಆಗ ಗಂಡು ಹೂವನ್ನು ಕಿತ್ತು, ಅದರ ಪರಾಗವನ್ನು ಹೆಣ್ಣು ಹೂವಿಗೆ ನಾವೇ ಮೆಲ್ಲಗೆ ಸೋಕಿಸಬೇಕು. ಈ ಹೂಗಳು ಅರಳುವುದು ಸಂಜೆಯ ಹೊತ್ತಿನಲ್ಲಿ, ಅಂದರೆ ಶಾಲೆಯಿಂದ ಬಂದು ಪುಸ್ತಕದ ಚೀಲವನ್ನು ಇಳಿಸಿದ ಮೇಲೆ. ಜೀವಶಾಸ್ತ್ರದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಚಿತ್ರಪಟವನ್ನು ನಾವು ಕಂಡಿಲ್ಲ.

ಇನ್ನು ನೀರು. ಈ ಪ್ರಶ್ನೆಯನ್ನು ಮರೆಸಿ ಕೈತೋಟವನ್ನು ಹೊಗಳುವುದು ಪ್ರಾಮಾಣಿಕತೆಯಲ್ಲ. 2019ರ ಬೇಸಗೆಯಲ್ಲಿ ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ ಕೆರೆಗಳು ನಾಲ್ಕೂ ಬತ್ತಿದುವು. ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ಕುಡಿಯುವ ನೀರು ತರಿಸಬೇಕಾಯಿತು. ನೆರೆಯವರು ಕೊಡ ಹಿಡಿದು ಲಾರಿಯ ಮುಂದೆ ನಿಂತಿರುವಾಗ ನಾವು ಬೆಂಡೆಗೆ ನೀರೆರೆಯುವುದು ನ್ಯಾಯವೇ? ಅಲ್ಲವೆಂದೇ ನಮ್ಮ ತೀರ್ಮಾನ. ಕತ್ತರಿ ಬಿಸಿಲಿನ ಮೇ ತಿಂಗಳಿನಲ್ಲಿ ತೋಟಕ್ಕೆ ವಿಶ್ರಾಂತಿ ಕೊಡುವುದರಲ್ಲಿ ಅವಮಾನವೇನೂ ಇಲ್ಲ. ಉಳಿದ ತಿಂಗಳುಗಳಲ್ಲಿ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಚೆಲ್ಲದೆ ಇಟ್ಟರೆ ನಾಲ್ಕೈದು ಚೀಲದ ಗಿಡಗಳಿಗೆ ಸಾಕು. ಮಣ್ಣಿನ ಮೇಲೆ ಒಣಗಿದ ಎಲೆಗಳ ಹೊದಿಕೆಯಿದ್ದರೆ ಅದರಲ್ಲಿಯೂ ಮಿಗುವುದು.

ಮಹಡಿಯ ಭಾರಕ್ಕಾಗಿ ಹಿರಿಯರು ಅಂಜುವುದೂ ಸಹಜವೇ. ಒಂದು ಘನ ಅಡಿಯಷ್ಟು ಒದ್ದೆ ಮಣ್ಣು ಹೆಚ್ಚು ಕಡಿಮೆ 50 ಕಿಲೋಗ್ರಾಮ್ ತೂಗುತ್ತದೆ. ತೆಂಗಿನ ನಾರಿನ ಪುಡಿಯನ್ನೂ ಗೊಬ್ಬರವನ್ನೂ ಬೆರೆಸಿದರೆ ಭಾರವು ಬಹಳ ಇಳಿಯುವುದು.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕುಂಟು. ಬೇಸಗೆಯ ರಜೆಗೆ ಎಲ್ಲರೂ ಉಡುಪಿಗೋ ಮೈಸೂರಿಗೋ ಹೊರಟುಬಿಡುವರು. ಹಿಂದಿರುಗಿದಾಗ ಕುಂಡಗಳಲ್ಲಿ ಕಡ್ಡಿಗಳು ಮಾತ್ರ ಉಳಿದಿರುತ್ತವೆ. ಆದರೆ ನಮ್ಮ ಅಟ್ಟದ ಬಸಳೆ ಮಾತ್ರ ಈ ಶಿಕ್ಷೆಯನ್ನು ಎರಡು ಬೇಸಗೆಗಳಲ್ಲಿ ಸಹಿಸಿದೆ. ನೆರೆಯವರು ಎರಡು ದಿನಕ್ಕೊಮ್ಮೆ ಒಂದು ಚೊಂಬು ನೀರೆರೆದುದಷ್ಟೇ. ಎಲೆಗಳು ಕಿರಿದಾದುವು, ಬಳ್ಳಿ ಸಾಯಲಿಲ್ಲ. ಆಡಿ ಮಾಸದ ಮೊದಲ ಮಳೆಗೆ ಮತ್ತೆ ಚಿಗುರಿತು. ಗೇಣುದ್ದದ ಒಂದು ಕಾಂಡವನ್ನು ಊರಿದರೆ ಬೇರುಬಿಡುವ ಬಳ್ಳಿಯದು. ಬೇಕಾದವರು ಜುಲೈ ಕಳೆಯುವುದರೊಳಗೆ ಒಂದು ಖಾಲಿ ಡಬ್ಬವನ್ನು ತಂದು ಕೇಳಿದರೆ ಸಂತೋಷದಿಂದ ಕೊಡುತ್ತೇವೆ. ಡಬ್ಬದ ತಳದಲ್ಲಿ ತೂತುಗಳಿರಲಿ.