ಮುಚ್ಚಿದ ನಿಲ್ದಾಣಕ್ಕೆ ಹೋರಾಡುವವರಿದ್ದರು, ಬಾರದ ನಿಲ್ದಾಣಕ್ಕೆ ಯಾರು?

ಕೊಟ್ಟೂರಿಗೆ ಬ್ರಿಟಿಷರ ಕಾಲದಲ್ಲೇ ಹೊಸಪೇಟೆಯಿಂದ ಮೀಟರ್‌ಗೇಜ್ ರೈಲು ಬರುತ್ತಿತ್ತು. 1990ರ ದಶಕದಲ್ಲಿ ಬ್ರಾಡ್‌ಗೇಜ್ ಮಾಡುತ್ತೇವೆಂದು ಪ್ರಯಾಣಿಕರ ಗಾಡಿ ನಿಲ್ಲಿಸಿದರು. ಹಳಿ ಬದಲಾಯಿತು, ಗಾಡಿ ಮಾತ್ರ ಬರಲಿಲ್ಲ. ಊರಿನವರು ಸುಮ್ಮನೆ ಕೂರಲಿಲ್ಲ. ಮನವಿ ಕೊಟ್ಟರು, ಧರಣಿ ಕೂತರು. ಕೊನೆಗೆ 2019ರಲ್ಲಿ ಹೊಸಪೇಟೆ–ಕೊಟ್ಟೂರು–ಹರಿಹರ ಗಾಡಿ ಓಡಿತು. ಆ ಊರಿನ ಗುರುಬಸವೇಶ್ವರನ ತೇರಿಗೆ ಹೋದಾಗ ಆ ನಿಲ್ದಾಣ ನೋಡಿಬಂದೆ. ಅಲ್ಲಿಯ ಹಿರಿಯರು ಹಳೆಯ ಗಾಡಿಯ ಮಾತೆತ್ತಿದರೆ ನಿಲ್ಲಿಸುವುದೇ ಇಲ್ಲ. ನಮ್ಮಜ್ಜ ಹತ್ತಿದ ರೈಲು ನಮಗೇಕಿಲ್ಲ ಎಂಬ ಹಟವೇ ಅವರ ಹೋರಾಟದ ಬಲವಾಗಿತ್ತು.

ನಾನು ಹುಟ್ಟಿದ್ದು ಮಾನ್ವಿಯಲ್ಲಿ. ಮೇಷ್ಟ್ರಾಗಿ ದುಡಿದದ್ದು ದೇವದುರ್ಗ ತಾಲ್ಲೂಕಿನಲ್ಲಿ. ಈಗ ಇರುವುದು ರಾಯಚೂರಿನಲ್ಲಿ. ಹಾಗೆ ಹಟ ಹಿಡಿಯಲು ಮಾನ್ವಿ, ದೇವದುರ್ಗ ಎರಡೂ ಊರುಗಳಿಗೆ ರೈಲಿನ ನೆನಪೇ ಇಲ್ಲ. ಮುಚ್ಚಿದ ನಿಲ್ದಾಣದ ಅನ್ಯಾಯ ಕಣ್ಣಿಗೆ ಕಾಣುತ್ತದೆ. ಕಟ್ಟದೇ ಬಿಟ್ಟ ನಿಲ್ದಾಣದ ಅನ್ಯಾಯ ಯಾರಿಗೂ ಕಾಣುವುದಿಲ್ಲ. ಆದರೆ ಎರಡೂ ಅನ್ಯಾಯವೇ.

ಹಾಗಂತ ನಮ್ಮ ಜಿಲ್ಲೆಗೆ ರೈಲು ತಡವಾಗಿ ಬಂದದ್ದಲ್ಲ. ಬೊಂಬಾಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ನೆಲ ನಿಜಾಮರದು, ಹಳಿ ಇಂಗ್ಲಿಷ್ ಕಂಪನಿಗಳದು. ಅವರಿಗೆ ಬೇಕಿದ್ದದ್ದು ಎರಡು ಬಂದರುಗಳ ನಡುವಿನ ದಾರಿ. ಕೃಷ್ಣಾ–ತುಂಗಭದ್ರೆಯರ ನಡುವಿನ ನಾಡನ್ನು ಆ ಹಳಿ ಮೂಡಣ ಅಂಚಿನಲ್ಲಿ ದಾಟಿಹೋಯಿತು, ಒಳಗಿನ ಊರುಗಳತ್ತ ತಿರುಗಲಿಲ್ಲ. ಮುಂದೆ ಗದ್ವಾಲದಿಂದ ಇನ್ನೊಂದು ಹಳಿ 2013ರಲ್ಲಿ ರಾಯಚೂರಿಗೆ ಬಂತು. ಅದೂ ಮೂಡಣ ದಿಕ್ಕಿನಿಂದಲೇ.

ಪಡುವಣಕ್ಕೆ ಅಂತ ಒಂದು ಯೋಜನೆ ಇದೆ. ಮುನಿರಾಬಾದ್–ಮಹಬೂಬ್‌ನಗರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1997–98ರಲ್ಲಿ. ಗಂಗಾವತಿಗೆ 2019ರಲ್ಲಿ ಗಾಡಿ ಬಂತು, ಆಮೇಲೆ ಕಾರಟಗಿಗೆ, 2024ರಲ್ಲಿ ಸಿಂಧನೂರಿಗೆ. ಅತ್ತ ತೆಲಂಗಾಣದ ಕಡೆ ದೇವರಕದ್ರದಿಂದ ಕೃಷ್ಣಾ ನಿಲ್ದಾಣದವರೆಗಿನ ಹಳಿ 2023ರಲ್ಲಿ ಮುಗಿಯಿತು. ಎರಡೂ ತುದಿಗೆ ರೈಲು ಬಂದಿದೆ. ನಡುವೆ ಉಳಿದದ್ದು ಸಿಂಧನೂರು–ಮಾನ್ವಿ–ರಾಯಚೂರಿನ ತುಂಡು. ಮಂಜೂರಾತಿಯ ವರ್ಷ ನನ್ನ ತರಗತಿಯಲ್ಲಿದ್ದ ಹುಡುಗರ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದಾರೆ.

ರೈಲು ಯಾಕೆ ಬೇಕು ಎನ್ನುವವರು ದೀಪಾವಳಿ ಕಳೆದ ಮೇಲೆ ದೇವದುರ್ಗದ ಹಳ್ಳಿಯ ಶಾಲೆಗೆ ಬರಲಿ. ಹಾಜರಿ ಪುಸ್ತಕದಲ್ಲಿ ಸಾಲುಸಾಲು ಗೈರು. ಮಕ್ಕಳು ಅಪ್ಪ–ಅವ್ವನ ಜೊತೆ ಗುಳೆ ಹೋಗಿರುತ್ತಾರೆ: ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದು. ಜೋಳದ ಚೀಲ, ಹಾಸಿಗೆಯ ಗಂಟು, ಕಂಕುಳಲ್ಲಿ ಕೂಸು. ಐವತ್ತು ಕಿಲೋಮೀಟರಿನಷ್ಟು ದಾರಿ ಬಸ್ಸಿನಲ್ಲೋ ಟೆಂಪೋದಲ್ಲೋ ಬಂದು, ರಾಯಚೂರು ಸ್ಟೇಷನ್ನಿನಲ್ಲಿ ರಾತ್ರಿಯಿಡೀ ಕಾದು ಜನರಲ್ ಬೋಗಿಗೆ ನುಗ್ಗುತ್ತಾರೆ. ರೈಲು ಬಂದರೆ ಗುಳೆ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಹೋಗಿಬರುವ ಖರ್ಚು ಕಡಿಮೆಯಾದರೆ ನಡುವೆ ಒಮ್ಮೆಯಾದರೂ ಊರಿಗೆ ಬಂದಾರು, ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋದಾರು, ಮಕ್ಕಳ ಶಾಲೆ ಉಳಿದೀತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಮಾನ್ವಿಯ ಭತ್ತವಿದೆ, ಕಪ್ಪು ಎರೆಯ ಹತ್ತಿಯಿದೆ. ಎಲ್ಲವೂ ಲಾರಿ ಬಾಡಿಗೆಗೆ ತಲೆಬಾಗಿವೆ.

ಬರೀ ಹಳಿ ಬಂದರೆ ಸಾಲದು, ಕೊಟ್ಟೂರು ಕಲಿಸುವ ಪಾಠ ಅದೇ. ನಿಲ್ದಾಣವಿದ್ದೂ ಗಾಡಿ ಇಲ್ಲದಿರಬಹುದು, ಗಾಡಿ ಇದ್ದೂ ಬಡವರ ಕೈಗೆಟುಕದಿರಬಹುದು. 2020ರಲ್ಲಿ ಕೋವಿಡ್‌ಗಾಗಿ ನಿಂತ ಪ್ಯಾಸೆಂಜರ್ ಗಾಡಿಗಳು ಮರಳಿದ್ದು ಎಕ್ಸ್‌ಪ್ರೆಸ್ ದರದಲ್ಲಿ. 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ಆಯಿತು. ಹಳೆಯ ದರ ಮರಳಲು 2024 ಬರಬೇಕಾಯಿತು. ಅಷ್ಟು ದಿನ ಸಣ್ಣ ನಿಲ್ದಾಣಗಳ ಬಾಗಿಲು ತೆರೆದೇ ಇತ್ತು, ಕೂಲಿಯವನ ಪಾಲಿಗೆ ಮಾತ್ರ ಮುಚ್ಚಿತ್ತು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಸಿಂಧನೂರು–ರಾಯಚೂರು ತುಂಡು ಮುಗಿಸುವ ದಿನಾಂಕವನ್ನು ರೈಲ್ವೆ ಬಹಿರಂಗವಾಗಿ ಹೇಳಲಿ. ಮೊದಲ ದಿನದಿಂದಲೇ ಎಲ್ಲ ಸಣ್ಣ ನಿಲ್ದಾಣಗಳಲ್ಲಿ ನಿಲ್ಲುವ, ಸಾಮಾನ್ಯ ದರದ ಗಾಡಿ ಬೆಳಿಗ್ಗೆ–ಸಂಜೆ ಓಡಲಿ. ಮಾನ್ವಿ ನಿಲ್ದಾಣ ಬರೀ ಮಾಲು ತುಂಬುವ ಜಾಗವಾಗದಿರಲಿ. ದೇವದುರ್ಗಕ್ಕೆ ಹಳಿ ಬರುವವರೆಗೆ, ಗಾಡಿಯ ಹೊತ್ತಿಗೆ ಸರಿಯಾಗಿ ಅಲ್ಲಿಂದ ಮಾನ್ವಿಗೂ ರಾಯಚೂರಿಗೂ ಸರಕಾರಿ ಬಸ್ಸು ಬಿಡಲಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 (ಜೆ) ಕಲಮಿಗಾಗಿ ಒಂದಾಗಿ ನಿಂತ ಜನ ನಾವು. ಕೊಟ್ಟೂರಿನವರು ಕಳೆದುಕೊಂಡದ್ದಕ್ಕೆ ಹೋರಾಡಿ ಗೆದ್ದರು. ಎಂದೂ ಸಿಗದ್ದಕ್ಕೆ ಹೋರಾಡುವ ಹಕ್ಕು ನಮಗೆ ಅವರಿಗಿಂತ ಒಂದು ಕೂದಲೆಳೆಯೂ ಕಡಿಮೆಯಿಲ್ಲ.