ಹೆಜ್ಜೆ ಎಣಿಸಿದ ಮಾತ್ರಕ್ಕೆ ನಡೆದಂತಾಯಿತೆ?

ಯುವಜನರ ಕೈಯಲ್ಲಿ ಹೇಗೂ ಫೋನಿದೆ, ಆ್ಯಪ್‌ನಲ್ಲಿ ದಿನಕ್ಕೆ 10,000 ಹೆಜ್ಜೆಯ ಗುರಿ ಇಟ್ಟರೆ ಕೂತೇ ಇರುವ ಚಾಳಿ ಬಿಟ್ಟುಹೋಗುತ್ತದೆ, ಬೇರೆ ಖರ್ಚೂ ಬೇಡ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಆ್ಯಪ್ ಅಗ್ಗ, ನಿಜ. ಉಳಿದದ್ದನ್ನು ಒಪ್ಪಲಾರೆ.

10,000 ಎಂಬುದು ವೈದ್ಯರು ಕೊಟ್ಟ ಲೆಕ್ಕವಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೊ-ಕೇ’ ಎಂಬ ಉಪಕರಣದ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಗಟ್ಟಿಗೊಳಿಸುವ ವ್ಯಾಯಾಮ. ಬಸ್ಕಿ ಹೊಡೆದವನ ಬೆವರು ಹೆಜ್ಜೆ ಲೆಕ್ಕದಲ್ಲಿ ಸೇರುವುದಿಲ್ಲ.

ಚಾಳಿ ಬಿಡುತ್ತದೆಯೇ? 2016ರಲ್ಲಿ ಪೋಕೆಮಾನ್ ಗೋ ಆಟ ಜಗತ್ತಿನ ಯುವಕರನ್ನು ಬೀದಿಗಿಳಿಸಿದಾಗ ಅಮೆರಿಕದ 18ರಿಂದ 35 ವಯಸ್ಸಿನವರ ಹೆಜ್ಜೆಗಳನ್ನು ಸಂಶೋಧಕರು ಲೆಕ್ಕ ಹಾಕಿದರು. ಬ್ರಿಟಿಷ್ ಮೆಡಿಕಲ್ ಜರ್ನಲ್ ಅದನ್ನು ಪ್ರಕಟಿಸಿತು. ಮೊದಲ ವಾರ ದಿನಕ್ಕೆ ಸರಾಸರಿ 955 ಹೆಜ್ಜೆ ಏರಿಕೆ. ಆರನೇ ವಾರಕ್ಕೆ ಎಲ್ಲವೂ ಮೊದಲಿದ್ದಲ್ಲಿಗೇ ಬಂತು. ಇಷ್ಟು ಜನಪ್ರಿಯ ಆಟದ ಗತಿಯೇ ಇದಾದರೆ, ಬರೀ ‘ಏಳಿ, ನಡೆಯಿರಿ’ ಎಂದು ಗುಂಯ್‌ಗುಡುವ ನೋಟಿಫಿಕೇಶನ್ ಎಷ್ಟು ದಿನ ಬಾಳೀತು?

ನನ್ನನ್ನು ಹೆಚ್ಚು ಕೆರಳಿಸಿದ್ದು ‘ಖರ್ಚು ಬೇಡ’ ಎಂಬ ಮಾತು. ಬೆಂಗಳೂರಿನ ಎಷ್ಟೋ ಫುಟ್‌ಪಾತ್‌ಗಳ ಮೇಲೆ ಟ್ರಾನ್ಸ್‌ಫಾರ್ಮರ್ ನಿಂತಿದೆ, ಬೈಕ್ ಓಡುತ್ತಿದೆ. ಕೆಲಸ ಮುಗಿಸಿ ರಾತ್ರಿ ಪಿಜಿಗೆ ಮರಳುವ ಹುಡುಗಿ ದೀಪವಿಲ್ಲದ ರಸ್ತೆಯಲ್ಲಿ ವಾಕಿಂಗ್ ಹೋಗಬೇಕೆ? ಆಕೆಗೆ ಬೇಕಿರುವುದು ಬೀದಿದೀಪ, ಕಾಲಿಡಲು ಜಾಗ, ಹೊತ್ತುಮೀರಿಯೂ ತೆರೆದಿರುವ ಪಾರ್ಕು. ಇವಕ್ಕೆ ಖರ್ಚಾಗುತ್ತದೆ. ಪಾಲಿಕೆ ಅದನ್ನು ಮಾಡಲೇಬೇಕು.